ವಿನಾಯಿತಿ ಪಟ್ಟಿಯ ನೂರ ನಲವತ್ತೊಂದನೆಯ ಸಾಲು

ಆಸ್ಪತ್ರೆಯ ಮೂರನೆಯ ಮಹಡಿಯ ತುದಿಯಲ್ಲಿ, ಒಗೆದ ಹಾಸುಬಟ್ಟೆಗಳನ್ನು ಒಣಹಾಕುವ ತಾರಸಿಗೆ ಎದುರಾಗಿ, ಒಂದೇ ಕಿಟಕಿಯ ಕೋಣೆಯೊಂದಿತ್ತು. ಬಾಗಿಲ ಮೇಲೆ ‘ಬದಲಾವಣೆ ವಿಭಾಗ’ ಎಂದು ಬರೆದಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳು ಅದನ್ನು ಉಡುಪು ಬದಲಿಸುವ ಕೋಣೆಯೆಂದುಕೊಂಡು, ಕೈಯಲ್ಲಿ ಚೀಲ ಹಿಡಿದು ಒಳಗೆ ನುಗ್ಗಿಬಿಡುತ್ತಿದ್ದರು. ಆಗ ಒಳಗಿದ್ದಾಕೆ ಪರದೆಯಿಂದ ಕಣ್ಣು ತೆಗೆಯದೆ, “ಬಟ್ಟೆ ಬದಲಾಯಿಸೋದು ಎದುರು ಬಾಗಿಲು ಕಣಮ್ಮ. ಇಲ್ಲಿ ಕಂಪ್ಯೂಟರಿಗೆ ಮಾತ್ರ” ಎನ್ನುತ್ತಿದ್ದಳು.

ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಕಾರಣದಕ್ಕ. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವಾಗಿರಲಿಲ್ಲ, ಒಳಗೊಳಗೇ ಒಂದು ಚಿಟಿಕೆಯಷ್ಟು ಹೆಮ್ಮೆಯೇ ಇತ್ತು.

ಮದುವೆಯಾಗದೆ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದ ಅವಳಿಗೆ ತನ್ನ ಕೆಲಸ ಏನೆಂದು ಅತ್ತಿಗೆಗೆ ತಿಳಿಸಲು ಇಪ್ಪತ್ತು ವರ್ಷವೂ ಸಾಲಲಿಲ್ಲ.

“ನೀನು ಕಂಪ್ಯೂಟರ್ ರಿಪೇರಿ ಮಾಡ್ತೀಯಾ?”

“ಇಲ್ಲ ಅತ್ತಿಗೆ.”

“ಒಳಗಿರೋದನ್ನ ಬರೀತೀಯಾ?”

“ಅದೂ ಇಲ್ಲ. ರಿಪೇರಿ ಮಾಡೋರನ್ನ, ಬರೆಯೋರನ್ನ ಕೂರಿಸಿಕೊಂಡು ಯಾಕೆ, ಏನು, ಎತ್ತ ಅಂತ ಕೇಳ್ತೀನಿ.”

“ಅಯ್ಯೋ, ಅದಕ್ಕೂ ಸಂಬಳ ಕೊಡ್ತಾರಾ? ನಾನು ನಿಮ್ಮಣ್ಣನನ್ನ ಇಷ್ಟು ವರ್ಷದಿಂದ ಬಿಟ್ಟಿ ಕೇಳ್ತಾ ಇದೀನಲ್ಲೇ!”

ನಗುವ ಮಾತಾದರೂ ಅದರಲ್ಲಿ ಸುಳ್ಳಿರಲಿಲ್ಲ. ಒಂದು ದೊಡ್ಡ ಆಸ್ಪತ್ರೆ, ಅದರ ಕೆಳಗೆ ಹನ್ನೊಂದು ಸಣ್ಣವು, ಅವುಗಳ ಕೆಳಗೆ ಅರವತ್ತು ಚಿಕಿತ್ಸಾ ಕೇಂದ್ರಗಳು. ಎಲ್ಲ ಸೇರಿ ನಾಲ್ಕು ಸಾವಿರ ಕಂಪ್ಯೂಟರುಗಳು. ಔಷಧದ ಪಟ್ಟಿಯಲ್ಲಿ ಒಂದು ಅಂಕಣ ಹೆಚ್ಚಿಸಿದರೆ ರಕ್ತಪರೀಕ್ಷೆಯ ಚೀಟಿ ಅಚ್ಚಾಗುವುದು ನಿಲ್ಲುತ್ತಿತ್ತು. ಇಲ್ಲಿ ತಂಬಿಗೆ ಸರಿಸಿದರೆ ಅಲ್ಲಿ ಕೊಡ ಉರುಳುವಂಥ ಸಂಸಾರ. ಅದಕ್ಕೇ ಯಾರು ಏನನ್ನು ಬದಲಿಸುವುದಿದ್ದರೂ ಮಂಗಳವಾರ ಹತ್ತು ಗಂಟೆಗೆ ಅವಳ ಕೋಣೆಗೆ ಬಂದು, ಉದ್ದನೆಯ ಮೇಜಿನ ಸುತ್ತ ಕೂತು, ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಏನು ಬದಲಿಸುತ್ತೀರಿ, ಯಾಕೆ, ಯಾರಿಗೆ ತಟ್ಟುತ್ತದೆ, ಕೆಟ್ಟರೆ ಮೊದಲಿದ್ದಲ್ಲಿಗೆ ಹೇಗೆ ಬರುತ್ತೀರಿ. ಉತ್ತರ ಸರಿಯಿದ್ದರೆ ಮೊದಲು ಇಪ್ಪತ್ತು ಯಂತ್ರಗಳಿಗೆ, ಎರಡು ದಿನ ಕಾದು ಉಳಿದವುಗಳಿಗೆ.

“ಯಾಕೆ ಬದಲಾಯಿಸಬೇಕಪ್ಪ ಇದನ್ನ?” ಎಂದು ಅವಳು ಔಷಧ ವಿಭಾಗದವನನ್ನು ಕೇಳುವಳು.

“ಚೆನ್ನಾಗಿರುತ್ತೆ ಅಂತ ಅಕ್ಕಾ.”

“ಚೆನ್ನಾಗಿರುತ್ತೆ ಅನ್ನೋದು ಕಾರಣ ಅಲ್ಲ, ಆಸೆ. ಆಸೆ ಮನೇಲಿ ಬಿಟ್ಟು ಕಾರಣ ತಗೊಂಡು ಬಾ.”

ಅವನು ಪೆಚ್ಚಾಗಿ ಕಾಗದ ಮಡಚುವನು. ಪಕ್ಕದಲ್ಲಿದ್ದವರು ತಮ್ಮ ಕಾಗದದ ಮೇಲೆ ಆತುರಾತುರವಾಗಿ ಇನ್ನೆರಡು ಸಾಲು ಗೀಚುವರು.

ಎಲ್ಲ ಯಂತ್ರಗಳೂ ಒಂದೇ ಅಚ್ಚಿನಲ್ಲಿರಬೇಕೆಂಬುದು ನಿಯಮ. ಆದರೂ ಎಲ್ಲ ಕಡೆಯೂ ಒಂದೇ ನಿಯಮ ನಡೆಯುವುದಿಲ್ಲವಲ್ಲ. ನೆಲಮಾಳಿಗೆಯ ಕ್ಷಕಿರಣದ ಯಂತ್ರ ಎಷ್ಟು ಹಳೆಯದೆಂದರೆ, ಅದಕ್ಕೆ ಹೊಸ ಕಂಪ್ಯೂಟರಿನ ಮಾತೇ ತಿಳಿಯದು. ಮಕ್ಕಳ ವಾರ್ಡಿನಲ್ಲಿ ಕೈಗವಸು ಹಾಕಿಕೊಂಡ ನರ್ಸು ಐದು ನಿಮಿಷಕ್ಕೊಮ್ಮೆ ಗುಪ್ತಪದ ಒತ್ತಲಾರಳು. ಇಂಥವಕ್ಕೆಲ್ಲ ಒಂದು ವಿನಾಯಿತಿ ಪಟ್ಟಿಯಿತ್ತು. ಮುನ್ನೂರ ಹನ್ನೆರಡು ಸಾಲುಗಳು. ಪ್ರತಿ ಸಾಲಿನಲ್ಲೂ ಯಂತ್ರದ ಸಂಖ್ಯೆ, ಅದು ಉಳಿದವಕ್ಕಿಂತ ಹೇಗೆ ಬೇರೆ, ಮತ್ತು ಕಾರಣ. ವರ್ಷಕ್ಕೊಮ್ಮೆ ಆ ಕಾರಣಗಳನ್ನು ಓದಿ, ತೀರಿಹೋದವನ್ನು ಅಳಿಸಿ, ಆ ಯಂತ್ರಗಳನ್ನು ಉಳಿದವುಗಳ ಸಾಲಿಗೆ ಸೇರಿಸುವುದು ವಾಡಿಕೆ.

ಅವಳಿಗೆ ಆ ಅಡ್ಡಹೆಸರು ಬಂದಿದ್ದೇ ಈ ಪಟ್ಟಿಯಿಂದ. ಬಹಳ ಹಿಂದೆ ಒಂದು ಕೇಂದ್ರದ ಯಂತ್ರ ಮಾತ್ರ ಸಂಜೆ ಆರಕ್ಕೆ ತಾನಾಗಿ ಆರಿಹೋಗದಂತೆ ಯಾರೋ ಇಟ್ಟಿದ್ದರು. ಕಾರಣದ ಜಾಗದಲ್ಲಿ ‘ಅಗತ್ಯ’ ಎಂದಷ್ಟೇ ಬರೆದು ಆತ ಬೇರೆ ಊರಿಗೆ ಹೋಗಿಬಿಟ್ಟ. ಮುಂದೆ ಬಂದವರು ಎಂಥ ಅಗತ್ಯವೋ ಎಂದು ಅದನ್ನು ತೆಗೆದುಹಾಕಿದರು. ಆ ಯಂತ್ರ ಲಸಿಕೆಯ ತಂಪುಪೆಟ್ಟಿಗೆಯನ್ನು ಕಾಯುತ್ತಿತ್ತೆಂದು ತಿಳಿದದ್ದು ಒಂದು ತಿಂಗಳ ಲಸಿಕೆಯನ್ನು ಚರಂಡಿಗೆ ಸುರಿದ ಮೇಲೆ. ಅಂದಿನಿಂದ ಅವಳು ಹೊಸಬರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ಕಾರಣ ಬರೆಯೋದು ನಮಗಲ್ಲ. ನಾವಿಲ್ಲದಾಗ ಬಂದು ಓದೋರಿಗೆ.”

ಹೀಗೆ ಹೇಳುತ್ತಿದ್ದವಳೇ ಆ ಪಟ್ಟಿಯ ನೂರ ನಲವತ್ತೊಂದನೆಯ ಸಾಲಿನಲ್ಲಿ ಒಂದು ಸುಳ್ಳು ಬರೆದಿಟ್ಟಿದ್ದಳು.

ಆ ಸಾಲು ಅವಳ ಗೆಳತಿಯದು. ಮೂವತ್ತೊಂದು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಬೆರಳಚ್ಚು ಕೆಲಸಕ್ಕೆ ಸೇರಿದ್ದರು. ಇವಳು ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಬಂದಳು. ಗೆಳತಿ ಮಾತ್ರ ಕೆಳಗಿನ ಅಂತಸ್ತಿನಲ್ಲೇ, ಪರೀಕ್ಷಾ ವರದಿ ಕೊಡುವ ಕೌಂಟರಿನಲ್ಲಿ ಉಳಿದಳು. ಬಡ್ತಿ ಬಂದಾಗಲೂ, “ಮೇಲೆ ಹೋದ್ರೆ ಬರೀ ಕಾಗದದ ಮುಖ ನೋಡಬೇಕು. ನನಗೆ ಮನುಷ್ಯರ ಮುಖ ಬೇಕಪ್ಪ” ಎಂದಿದ್ದಳು. ದಿನಕ್ಕೆ ಮುನ್ನೂರು ಜನ ಆ ಗಾಜಿನ ಕಿಂಡಿಯೆದುರು ನಿಲ್ಲುತ್ತಿದ್ದರು. ಹೆಸರು, ಊರು, ಯಾವ ಡಾಕ್ಟರು, ಹೋದ ಸಲ ಏನಾಗಿತ್ತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಕೌಂಟರಿನವರು ಅವಳನ್ನು ಬಾಯಿಪಾಠ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಹನ್ನೆರಡನೆಯ ದಿನಕ್ಕೇ ಬಂದು ಕಿಂಡಿಯ ಹಿಂದೆ ಕೂತವಳು. “ಮನೇಲಿ ಕೂತ್ರೆ ಗೋಡೆ ತಿನ್ನುತ್ತೆ” ಎಂದಿದ್ದಳು. ಒಬ್ಬಳೇ ಮಗಳು, ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಇಬ್ಬರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ, ಗೆಳತಿ ಲೋಟಕ್ಕೆ ನೀರು ಬಗ್ಗಿಸಿದಳು. ಅರ್ಧ ನೀರು ಮೇಜಿನ ಮೇಲೆ ಹರಿಯಿತು.

“ಏನೇ, ಲೋಟಕ್ಕಿಂತ ಮೇಜಿಗೆ ಬಾಯಾರಿಕೆ ಜಾಸ್ತಿ ಆಗಿದೆಯಾ?” ಎಂದು ಇವಳು ನಕ್ಕಳು.

ಗೆಳತಿ ನಗಲಿಲ್ಲ. ಸೆರಗಿನಿಂದ ಮೇಜು ಒರೆಸುತ್ತ, ದನಿ ತಗ್ಗಿಸಿ, “ನನ್ನ ಯಂತ್ರದಲ್ಲಿ ಅಕ್ಷರ ಸ್ವಲ್ಪ ದಪ್ಪ ಮಾಡಿಕೊಡ್ತೀಯಾ?” ಎಂದಳು.

ಕೌಂಟರಿನ ಯಂತ್ರಗಳಲ್ಲಿ ಅಕ್ಷರದ ಅಳತೆಗೆ ಬೀಗ ಹಾಕಿತ್ತು. ಒಬ್ಬೊಬ್ಬರು ಒಂದೊಂದು ಅಳತೆ ಇಟ್ಟುಕೊಂಡರೆ ಪಟ್ಟಿಯ ಸಾಲುಗಳು ಒಂದರ ಮೇಲೊಂದು ಏರುತ್ತವೆಂದು ಇವಳೇ ಹಾಕಿಸಿದ್ದ ಬೀಗ ಅದು.

“ಯಾಕೆ?”

“ನೋಡು, ಶುರು ಮಾಡಿದ್ಲು ಕಾರಣದಕ್ಕ. ಕಾಣ್ಸಲ್ಲ ಕಣೇ. ನಡುಮಧ್ಯ ಮಸುಕು. ಪಕ್ಕದಲ್ಲಿರೋದು ಕಾಣುತ್ತೆ, ಎದುರಿಗಿರೋದು ಕಾಣಲ್ಲ.”

“ಕೆಳಗೇ ಕಣ್ಣಿನ ವಿಭಾಗ ಇದೆ. ನಡಿ, ಈಗಲೇ ತೋರಿಸೋಣ.”

“ಥೂ, ಅಲ್ಲಿ ತೋರಿಸಿದ್ರೆ ಸಂಜೆಯೊಳಗೆ ಆಫೀಸಿಗೆ ಕಾಗದ ಹೋಗುತ್ತೆ. ನಾಳೆ ನನ್ನನ್ನ ಕೌಂಟರಿಂದ ಎಬ್ಬಿಸ್ತಾರೆ. ಹೊರಗಡೆ ತೋರಿಸಿಕೊಂಡು ಬಂದೆ.”

“ಡಾಕ್ಟರ್ ಏನಂದ್ರು?”

“ವಯಸ್ಸು ಅಂದ್ರು. ಇನ್ನೇನಂತಾರೆ?”

ಆಸೆಗೂ ಕಾರಣಕ್ಕೂ ಇರುವ ಅಂತರವನ್ನು ಮಂದಿಗೆಲ್ಲ ಹೇಳಿಕೊಡುತ್ತಿದ್ದವಳು ಅಂದು ‘ವಯಸ್ಸು’ ಎಂಬ ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡಳು. ಗೆಳತಿಯ ನೋಟ ಒರೆಸಿದ ಮೇಜಿನ ಮೇಲೇ ಇತ್ತು. ಆ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳುವುದು ಕ್ರೌರ್ಯವೆನಿಸಿತು.

ಮೇಲೆ ಬಂದು ವಿನಾಯಿತಿಯ ಹೊಸ ಸಾಲು ತೆರೆದಳು. ಯಂತ್ರದ ಸಂಖ್ಯೆ ಬರೆದಳು. ಅಕ್ಷರ ಎರಡು ಪಟ್ಟು, ಹಿನ್ನೆಲೆ ಕಪ್ಪು ಎಂದು ಬರೆದಳು. ಕಾರಣದ ಮನೆಗೆ ಬಂದಾಗ ಬೆರಳು ನಿಂತಿತು. ಆ ಪಟ್ಟಿಯನ್ನು ಎಲ್ಲ ವಿಭಾಗದವರೂ ಓದಬಹುದಿತ್ತು, ಸಿಬ್ಬಂದಿ ವಿಭಾಗದವರೂ. ದೃಷ್ಟಿದೋಷ ಎಂದು ಬರೆದರೆ ವೈದ್ಯರ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬಂದರೆ ಗೆಳತಿ ಕೌಂಟರಿನಿಂದ ಏಳಬೇಕು. ಕಿಟಕಿಯಾಚೆ ಒದ್ದೆ ಹಾಸುಬಟ್ಟೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಅವಳು ‘ಮಾನಿಟರ್ ಹಳೆಯದು, ಅಕ್ಷರ ಮಸುಕು’ ಎಂದು ಬರೆದು, ಯಾರೋ ಹಿಂದೆ ನಿಂತಿದ್ದಾರೇನೋ ಎಂಬಂತೆ ಬೇಗ ಮುಚ್ಚಿಬಿಟ್ಟಳು.

ಮರುದಿನ ಗೆಳತಿ ಕೆಳಗಿನಿಂದ ಫೋನು ಮಾಡಿದಳು. “ಏ ಮಹಾತಾಯಿ, ಆನೆ ಗಾತ್ರದ ಅಕ್ಷರ ಕೊಟ್ಟಿದೀಯಲ್ಲೇ! ಸಾಲಿನಲ್ಲಿ ನಿಂತೋರೂ ಓದ್ಕೋಬಹುದು. ನನಗೇನು ಕೆಲಸ ಇನ್ನು?” ಆ ದನಿಯಲ್ಲಿ ಎಷ್ಟು ಗೆಲುವಿತ್ತೆಂದರೆ, ಇವಳ ಎದೆಯಲ್ಲಿದ್ದ ಮುಳ್ಳು ಅಲ್ಲಿಗೆ ಕಳಚಿದಂತಾಯಿತು.

ಎರಡು ವರ್ಷ ಹೀಗೇ ನಡೆಯಿತು. ನಡುವಿನ ಪರಿಶೀಲನೆಯಲ್ಲಿ ಆ ಸಾಲನ್ನು ಇವಳೇ ದಾಟಿಸಿದ್ದಳು. ಗೆಳತಿಯ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು.

ಆ ವರ್ಷ ವಿನಾಯಿತಿ ಪಟ್ಟಿಯ ಪರಿಶೀಲನೆ ಶುರುವಾಗುವ ಹೊತ್ತಿಗೆ ಕಾರಣದಕ್ಕನಿಗೆ ಜ್ವರ ಬಂತು. ಎಂಟು ದಿನ ಮಲಗಿದಳು. ಕೆಲಸ ಅವಳ ಕೈಕೆಳಗಿನವನ ಪಾಲಿಗೆ ಬಿತ್ತು. ಅವನಿಗೆ ಮೂವತ್ತೈದರ ಸುಮಾರು. ಮೇಜಿನ ಮೇಲೆ ಒಂದು ಚೂರು ಕಾಗದ ಬಿದ್ದಿರಲು ಬಿಡದವನಾದ್ದರಿಂದ ಪೊರಕೆ ಎಂದು ಹೆಸರಾಗಿದ್ದ. ಕೆಲಸವನ್ನು ಇವಳಿಂದಲೇ ಕಲಿತವನು. ಒಂದೊಂದೇ ಸಾಲು ಓದಿದ, ಒಂದೊಂದೇ ಕಾರಣ ಪರೀಕ್ಷಿಸಿದ. ನೂರ ನಲವತ್ತೊಂದನೆಯ ಸಾಲಿಗೆ ಬಂದಾಗ ಅವನಿಗೆ ಸಂತೋಷವೇ ಆಯಿತು. ಉಗ್ರಾಣದಲ್ಲಿ ಹೊಸ ಮಾನಿಟರುಗಳಿದ್ದವು. ಒಂದನ್ನು ಕೌಂಟರಿಗೆ ಕಳಿಸಿ, ಸಂಜೆ ಹಾಕಿಸಿ, ಪಟ್ಟಿಯಲ್ಲಿ ‘ಕಾರಣ ನಿವಾರಣೆಯಾಗಿದೆ’ ಎಂದು ಬರೆದು ಸಾಲನ್ನು ಮುಚ್ಚಿದ. ಮರುದಿನ ಬೆಳಿಗ್ಗೆ ಆ ಯಂತ್ರ ನಾಲ್ಕು ಸಾವಿರದಲ್ಲಿ ಒಂದಾಗಿ, ಎಲ್ಲರ ಅಕ್ಷರದಲ್ಲಿ ತೆರೆದುಕೊಂಡಿತು. ಅವನು ತಪ್ಪಿದ್ದು ಎಲ್ಲಿಯೂ ಇಲ್ಲ.

ಕೌಂಟರಿನವರು ಬಾಯಿಪಾಠವನ್ನು ಸುತ್ತುವರಿದರು. “ಏನು ಮೇಡಂ, ನಿಮಗೆ ಮಾತ್ರ ಹೊಸ ಮಾನಿಟರು! ಮೇಲಿನ ಮನೆ ನೆಂಟಸ್ತಿಕೆ ಅಂದ್ರೆ ಹೀಗಿರಬೇಕು.”

ಅವಳು ನಕ್ಕಳು. ಇನ್ನೇನು ಮಾಡಲು ಸಾಧ್ಯವಿತ್ತು? ಹಳೆಯದಕ್ಕಿಂತ ಹೊಳೆಯುವ ಪರದೆ ಎದುರಿಗಿದೆ. ಕಾಣಿಸುತ್ತಿಲ್ಲ ಎಂದು ಯಾರಿಗೆ ಹೇಳುವುದು? ಕಾರಣದಕ್ಕನಿಗೆ ಮೂರು ಸಲ ಫೋನು ಮಾಡಿದಳು. ಜ್ವರದಲ್ಲಿ ಮಲಗಿದ್ದವಳ ಫೋನು ಅತ್ತಿಗೆಯ ಅಡುಗೆಮನೆಯ ಕಟ್ಟೆಯ ಮೇಲೆ ದನಿ ಸತ್ತು ಬಿದ್ದಿತ್ತು. ಕಿಂಡಿಯಾಚೆ ಜನ ಕೆಮ್ಮತೊಡಗಿದರು. ಅವಳು ಕೆಲಸಕ್ಕೆ ಕೂತಳು.

ಮುಕ್ಕಾಲು ಪಾಲು ನೆನಪಿನಿಂದಲೇ ನಡೆಯಿತು. “ನಂಬರ್ ನೀವೇ ಹೇಳಿ” ಎನ್ನುವಳು, ಬೆರಳು ತಾನಾಗಿ ಒತ್ತುವುದು, ವರದಿ ಅಚ್ಚಾಗುವುದು. ಹನ್ನೊಂದರ ಸುಮಾರಿಗೆ ಚೀಟಿ ಕಳೆದುಕೊಂಡು ಬಂದ ಹೆಂಗಸೊಬ್ಬಳು ಹೆಸರು ಮಾತ್ರ ಹೇಳಿದಳು. ಒತ್ತಿದರೆ ಅದೇ ಹೆಸರಿನ ಎರಡು ಸಾಲು ಬಂದವು.

“ವಯಸ್ಸೆಷ್ಟಮ್ಮ?”

“ಮೂವತ್ತೆಂಟು.”

ಒಂದು ಸಾಲಿನಲ್ಲಿ ಮೂವತ್ತೆಂಟು, ಇನ್ನೊಂದರಲ್ಲಿ ಐವತ್ತೆಂಟು. ಅವಳು ತಲೆ ಓರೆಮಾಡಿ, ಕಣ್ಣಿನ ಅಂಚಿನಿಂದ ಹಿಡಿಯಲು ನೋಡಿದಳು. ಇರುವೆಗಳು ಹರಿದಾಡಿದಂತಾಯಿತು. ಮೇಲಿನದನ್ನು ಒತ್ತಿದಳು. ಮಧ್ಯಾಹ್ನ ಅದೇ ಹೆಸರಿನ ಮತ್ತೊಬ್ಬಾಕೆ, ವಯಸ್ಸಾದಾಕೆ, ಬಂದಾಗ ಚೀಟಿ ಕೇಳಲೇ ಇಲ್ಲ. ಆ ಹೆಸರಿನವರು ಇಬ್ಬರೇ, ಒಬ್ಬರದು ಹೋಯಿತು, ಉಳಿದದ್ದು ಇವರದೇ ಎಂದು ಅವಳ ನೆನಪು ಹೇಳಿತು. ಆ ನೆನಪು ಒಮ್ಮೆಯೂ ಅವಳಿಗೆ ಕೈಕೊಟ್ಟಿರಲಿಲ್ಲ.

ಮೂವತ್ತೆಂಟರಾಕೆ ಮನೆಗೆ ಒಯ್ದದ್ದು ಎದೆಯ ಗಂಟಿನಲ್ಲಿ ಕೆಟ್ಟ ರೋಗವಿದೆ ಎಂಬ ಕಾಗದ. ಭಯದಲ್ಲಿ ಕಾಗದದ ಮೇಲಿನ ವಯಸ್ಸನ್ನು ಯಾರು ಓದುತ್ತಾರೆ? ಎರಡು ಸಣ್ಣ ಮಕ್ಕಳ ತಾಯಿ. ಮರುದಿನ ಗಂಡನ ತೋಳು ಹಿಡಿದು ಡಾಕ್ಟರ ಮುಂದೆ ಬಂದು ಕೂತಾಗ, ಅವರು ಒಮ್ಮೆ ಕಾಗದ ನೋಡಿದರು, ಒಮ್ಮೆ ಆಕೆಯ ಮುಖ ನೋಡಿದರು. ಆಮೇಲೆ ಇನ್ನೊಬ್ಬಾಕೆಗೆ, ಏನೂ ಇಲ್ಲ ಎಂಬ ವರದಿ ಹಿಡಿದು ನಗುತ್ತ ಹೋದಾಕೆಗೆ, ಫೋನು ಮಾಡಬೇಕಾಯಿತು.

ಕಾರಣದಕ್ಕ ಜ್ವರ ಬಿಟ್ಟು ಕೆಲಸಕ್ಕೆ ಬಂದದ್ದು ಅಂದೇ. ಯಾವ ಅವಘಡವಾದರೂ ಅದರ ಹಿಂದಿನ ದಿನಗಳಲ್ಲಿ ಏನೇನು ಬದಲಾಗಿತ್ತೆಂದು ಹುಡುಕಿ, ಮೂಲ ಕಾರಣ ಬರೆದುಕೊಡುವುದು ಅವಳ ವಿಭಾಗದ ಕೆಲಸ. ಡಾಕ್ಟರು ಫೋನು ಮಾಡುವಾಗ ಅವಳು ಅದೇ ಕೋಣೆಯಲ್ಲಿ, ಕೈಯಲ್ಲಿ ಖಾಲಿ ಕಾಗದ ಹಿಡಿದು ನಿಂತಿದ್ದಳು. ಫೋನಿನಾಚೆಯ ದನಿ ಅವಳಿಗೂ ಕೇಳಿಸಿತು. ಸಂಜೆಯವರೆಗೂ ಅದು ಕಿವಿಯಿಂದ ಇಳಿಯಲಿಲ್ಲ.

ಕೋಣೆಗೆ ಮರಳಿದರೆ ಪೊರಕೆ ಬಾಗಿಲಲ್ಲೇ ನಿಂತಿದ್ದ. ಮುಖ ಬಿಳಿಚಿತ್ತು.

“ಅಕ್ಕಾ, ಆ ಯಂತ್ರದ ವಿನಾಯಿತಿ ಮೊನ್ನೆ ಸಂಜೆ ನಾನೇ ಮುಚ್ಚಿದ್ದು. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ? ಕಾರಣ ಎರಡು ಸಲ ಓದಿದೀನಿ ಅಕ್ಕಾ. ಮಾನಿಟರ್ ಹಳೆಯದು ಅಂತ್ಲೇ ಇತ್ತು. ಹೊಸದು ಹಾಕಿಸಿ, ನಾನೇ ಕೂತು ನೋಡಿದೀನಿ. ಅಕ್ಷರ ಕನ್ನಡಿ ಹಾಗೆ ನಿಚ್ಚಳವಾಗಿ ಕಾಣ್ತಿತ್ತು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಅವಳ ಕೈ ಕತ್ತಿನ ಹತ್ತಿರ ಹೋಯಿತು. “ನಿನ್ನದೇನೂ ತಪ್ಪಿಲ್ಲಪ್ಪ, ಹೋಗು” ಎಂದಷ್ಟೇ ಹೇಳಲಾಯಿತು. ಅವನು ಹೋಗಲಿಲ್ಲ. ಆ ಸಾಲನ್ನು ಮತ್ತೆ ತೆರೆದುಕೊಂಡು, ತಾನೆಲ್ಲಿ ಎಡವಿದೆ ಎಂದು ಹುಡುಕುತ್ತ ಕೂತ.

ಮಧ್ಯಾಹ್ನ ಹಿಂಬದಿಯ ಮೆಟ್ಟಿಲಿನಲ್ಲಿ, ಔಷಧದ ಖಾಲಿ ಪೆಟ್ಟಿಗೆಗಳ ನಡುವೆ, ಗೆಳತಿ ಕಾಯುತ್ತಿದ್ದಳು.

“ವರದಿ ನೀನೇ ಬರೀಬೇಕಂತೆ?”

“ಹೂಂ.”

“ಕೈ ತಪ್ಪಿತು ಅಂತ ಬರಿ. ಒಂದು ಎಚ್ಚರಿಕೆ ಪತ್ರ ಕೊಡ್ತಾರೆ, ತಗೋತೀನಿ. ನೀನು ಆ ಅಕ್ಷರ ವಾಪಸ್ ಹಾಕಿಕೊಟ್ಬಿಡು. ಹದಿನಾಲ್ಕು ತಿಂಗಳು ಕಣೇ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ.”

“ಏನಂತ ಕಾರಣ ಬರೆದು ಹಾಕಲಿ? ಈಗ ಮಾನಿಟರೂ ಹೊಸದು.”

“ನಿನಗೆ ಹೇಳಿಕೊಡಬೇಕಾ? ಒಂದು ಸಲ ಬರೆದೋಳಿಗೆ ಎರಡನೇದು ಕಷ್ಟವಾ?”

ಅದು ಕುಟುಕಲೆಂದು ಆಡಿದ ಮಾತಲ್ಲ. ಆದರೂ ಕುಟುಕಿತು. ಇವಳು ಗೋಡೆಗೆ ಒರಗಿದಳು. “ಆ ಹೆಂಗಸಿಗೆ ಫೋನ್ ಮಾಡುವಾಗ ನಾನು ಅಲ್ಲೇ ಇದ್ದೆ. ಏನಂದ್ರು ಗೊತ್ತಾ? ‘ಇಲ್ಲ ಸ್ವಾಮಿ, ನೀವು ಬೇರೆ ಯಾರಿಗೋ ಮಾಡೋ ಬದಲು ನನಗೆ ಮಾಡಿದೀರಿ. ನನಗೆ ಏನೂ ಇಲ್ಲ ಅಂತ ಬಂದಿದೆ, ಕಾಗದ ಇಲ್ಲೇ ಇದೆ, ಬೇಕಾದ್ರೆ ಓದಿ ಹೇಳ್ಲಾ’ ಅಂದ್ರು. ಓದೋಕೂ ಶುರು ಮಾಡಿದ್ರು.”

ಕೆಳಗೆ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು.

“ಅದಕ್ಕೇ ಹೇಳ್ತಿರೋದು, ನನ್ನ ತಪ್ಪು ಅಂತ ಬರಿ” ಎಂದಳು ಗೆಳತಿ. “ನನ್ನ ಬೇಜವಾಬ್ದಾರಿ ಅನ್ನು, ಸೊಕ್ಕು ಅನ್ನು, ಏನು ಬೇಕಾದ್ರೂ ಅನ್ನು. ತಪ್ಪು ನನ್ನ ಮೇಲಿರಲಿ. ಕಣ್ಣಿನ ಮೇಲೆ ಹಾಕಬೇಡ. ತಪ್ಪು ಮಾಡಿದೋಳನ್ನ ಬೈದು ಇಟ್ಕೋತಾರೆ. ಕುರುಡೀನ ಅಯ್ಯೋ ಪಾಪ ಅಂತ ಮನೆಗೆ ಕಳಿಸ್ತಾರೆ.”

ಇವಳು ಉತ್ತರಿಸಲಿಲ್ಲ. ಗೆಳತಿ ಅದನ್ನು ಒಪ್ಪಿಗೆ ಎಂದುಕೊಂಡಳೋ ಏನೋ, ಕೈಯಾಡಿಸಿ ಕಂಬಿ ಹುಡುಕಿ, ಎಣಿಸಿಕೊಂಡು ಮೆಟ್ಟಿಲಿಳಿದಳು.

ವರದಿಯ ನಮೂನೆಯಲ್ಲಿ ಮೂಲ ಕಾರಣಕ್ಕೆ ಅಂಗೈಯಗಲದ ಜಾಗವಿತ್ತು. ಕೈ ತಪ್ಪಿತು ಎಂದು ಬರೆದರೆ ಗೆಳತಿ ಅದೇ ಕಿಂಡಿಯ ಹಿಂದೆ ನಾಳೆಯೂ ಕೂರುತ್ತಾಳೆ. ಇನ್ನೊಬ್ಬಳ ಕೈಗೆ ಇನ್ನೊಬ್ಬಳ ಕಾಗದ ಹೋಗುತ್ತದೆ. ನಿಜ ಬರೆಯದಿದ್ದರೆ ಪಕ್ಕದ ಮೇಜಿನವನು ಜೀವಮಾನವಿಡೀ ಆ ಸಾಲನ್ನು ಓದುತ್ತಲೇ ಇರುತ್ತಾನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ತನಗಾಗಿಯೇ ಹುಟ್ಟಿತೇನೋ ಎಂದುಕೊಂಡಳು. ನಾಲ್ಕು ಗಂಟೆಯ ಹೊತ್ತಿಗೆ ಬರೆದು ಮುಗಿಸಿದಳು: ಸಿಬ್ಬಂದಿಯ ದೃಷ್ಟಿ ಕ್ಷೀಣಿಸಿದ್ದು ತನಗೆ ಎರಡು ವರ್ಷದಿಂದ ತಿಳಿದಿತ್ತು, ವಿನಾಯಿತಿಗೆ ತಾನು ಸುಳ್ಳು ಕಾರಣ ಬರೆದೆ, ಅದನ್ನು ನಂಬಿ ಮುಚ್ಚಿದವರ ತಪ್ಪಿಲ್ಲ. ಮೂರೇ ವಾಕ್ಯ. ಆಡಳಿತಾಧಿಕಾರಿ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ನೀವಾ?” ಎಂದರು. ಅವಳು ತಲೆಯಾಡಿಸಿದಳು.

ಅವಳಿಗೆ ಎಚ್ಚರಿಕೆ ಪತ್ರ ಬಂತು. ವಿನಾಯಿತಿ ಪಟ್ಟಿಯನ್ನು ಪೊರಕೆಯ ಕೈಗೆ ಕೊಟ್ಟರು. ಗೆಳತಿಯನ್ನು ಕೆಳಗಿನ ಕಣ್ಣಿನ ವಿಭಾಗಕ್ಕೇ ಪರೀಕ್ಷೆಗೆ ಕಳಿಸಿದರು. ವಾರದೊಳಗೆ ಕೆಲಸದಿಂದ ಬಿಡುಗಡೆಯ ಕಾಗದ ಬಂತು. ಯಾರೂ ಗದರಲಿಲ್ಲ. ಎಲ್ಲರೂ ಅಯ್ಯೋ ಪಾಪ ಎಂದರು. ಕೊನೆಯ ದಿನ ಅವಳು ಖಾನೆಯಲ್ಲಿದ್ದ ಬಾಚಣಿಗೆ, ಮುಲಾಮಿನ ಡಬ್ಬಿ, ಗಂಡನ ಹಳೆಯ ಪೆನ್ನು ಇಷ್ಟನ್ನು ಮುಟ್ಟಿ ಮುಟ್ಟಿ ಚೀಲಕ್ಕೆ ಹಾಕಿಕೊಂಡಳಂತೆ. ಮೂರನೆಯ ಮಹಡಿಗೆ ಬರಲಿಲ್ಲ. ಇವಳಿಗೆ ಕೆಳಗಿಳಿಯುವ ಧೈರ್ಯವಾಗಲಿಲ್ಲ. ಕಿಟಕಿಯ ಬಳಿ ನಿಂತು ಹಾಸುಬಟ್ಟೆ ನೋಡಿದಳು.

ಅದಾದ ಮೂರನೆಯ ಭಾನುವಾರ ಗೆಳತಿಯ ಮನೆಗೆ ಹೋದಳು. ಕಿರಿದಾದ ಬೀದಿ, ಎರಡು ಮೆಟ್ಟಿಲು, ಹಸಿರು ಬಾಗಿಲು. ತೆರೆದವಳು ಮಗಳು. ನಡೆಯಲು ಕಲಿತಾಗಿನಿಂದ ಚಿಕ್ಕಮ್ಮ ಎನ್ನುತ್ತ ಇವಳ ತೊಡೆಯ ಮೇಲೆ ಬೆಳೆದವಳು, ಅಂದು ಏನೂ ಅನ್ನದೆ ಹೊರಗೆ ಬಂದು, ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡಳು.

“ಅಮ್ಮನ ಕಣ್ಣಿನ ವಿಷಯ ನಿಮಗೆ ಎರಡು ವರ್ಷದಿಂದ ಗೊತ್ತಿತ್ತಂತೆ.”

“ಗೊತ್ತಿತ್ತಮ್ಮ. ವಯಸ್ಸಿನದು ಅಂದಿದ್ಲು…”

“ಬರೀ ವಯಸ್ಸಿನದಲ್ಲ. ಆಗಲೇ ಆ ಡಾಕ್ಟರು ತಿಂಗಳಿಗೊಂದು ಇಂಜೆಕ್ಷನ್ ತಗೋಬೇಕು, ತಡ ಮಾಡಬೇಡಿ ಅಂತ ಬರೆದುಕೊಟ್ಟಿದ್ರು. ಆ ಚೀಟಿ ಮೊನ್ನೆ ಬೀರುವಿನಲ್ಲಿ ಸಿಕ್ತು. ರಜೆ ಕೇಳಿದ್ರೆ ಆಫೀಸಿಗೆ ಗೊತ್ತಾಗುತ್ತೆ ಅಂತ ಅಮ್ಮ ಒಂದೂ ತಗೊಂಡಿಲ್ಲ. ಹೇಗೂ ಕೆಲಸ ನಡೀತಿತ್ತಲ್ಲ, ಅಕ್ಷರ ದೊಡ್ಡದಾಗಿ ಕಾಣ್ತಿತ್ತಲ್ಲ.” ಅವಳು ಬಾಗಿಲ ಚಿಲಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. “ಆಗಲೇ ಶುರು ಮಾಡಿದ್ರೆ ಒಂದು ಕಣ್ಣಾದ್ರೂ ಉಳೀತಿತ್ತಂತೆ. ನನಗೆ ಒಂದು ಮಾತು ಹೇಳಬಹುದಿತ್ತು. ಒಂದೇ ಒಂದು ಮಾತು.”

ಇವಳು ವರದಿ ಬರೆದು ಕೊಟ್ಟ ಮೇಲೆ ತನ್ನ ಪಾಲಿನ ತಪ್ಪು ಎಷ್ಟೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಅದರ ಅಳತೆ ಗೊತ್ತಿರಲಿಲ್ಲ. ಮೇಜಿನ ಮೇಲೆ ನೀರು ಹರಿದ ಆ ಮಧ್ಯಾಹ್ನ, ಗೆಳತಿ ನೊಂದುಕೊಂಡರೂ ಸರಿ, ಬೈದರೂ ಸರಿ, ಇನ್ನೊಂದು ಸಲ ಕೇಳಿದ್ದರೆ!

“ಯಾರೇ ಅದು?” ಒಳಗಿನಿಂದ ದನಿ ಬಂತು.

ಮಗಳು ಬಾಗಿಲಿಂದ ಪಕ್ಕಕ್ಕೆ ಸರಿದಳು.

ಗೆಳತಿ ಕಿಟಕಿಯ ಕೆಳಗೆ ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಅಂಚಿಗೆ ಅಂಚು ಕೂಡಿಸಿ, ಬೆರಳಿನಿಂದ ನೀವಿ, ಅಚ್ಚುಕಟ್ಟಾಗಿ. ಬಂದವಳು ಯಾರೆಂದು ಹೆಜ್ಜೆಯ ಸದ್ದಿನಿಂದಲೇ ಅವಳಿಗೆ ತಿಳಿಯಿತು.

“ನನ್ನ ಜಾಗದಲ್ಲಿ ಯಾರಿದಾರೆ?”

“ಹೊಸಬಳು ಒಬ್ಬಳು.”

“ಬೇಗ ಕೊಡ್ತಾಳಾ, ಇಲ್ಲಾ ಜನ ನಿಂತೇ ಇರ್ತಾರಾ?”

“ಬೇಗ ಕೊಡ್ತಾಳೆ. ಮಾತು ಕಮ್ಮಿ.”

“ಮಾತಾಡಿಸಬೇಕು. ರಿಪೋರ್ಟು ತಗೊಳ್ಳೋಕೆ ಬರೋರಿಗೆ ಹೆದರಿಕೆ ಇರುತ್ತೆ.” ಮತ್ತೊಂದು ಬಟ್ಟೆ ತೆಗೆದುಕೊಂಡಳು. “ಆ ಹೆಂಗಸು, ಐವತ್ತೆಂಟರೋಳು… ಚಿಕಿತ್ಸೆಗೆ ಬರ್ತಿದಾಳಾ?”

“ಬರ್ತಿದಾರೆ. ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟರು.”

“ಹೂಂ. ಬೇಗ ಗೊತ್ತಾಗಬೇಕು.”

ಇವಳು ಕುಕ್ಕರಿಸಿದಳು. “ನೀನು ಆ ಚೀಟಿ ವಿಷಯ ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಅಕ್ಷರ ದೊಡ್ಡದು ಮಾಡಿಕೊಡ್ತಿರಲಿಲ್ಲ. ಎಳ್ಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸ್ತಿದ್ದೆ.” ಕೈ ಒಂದು ಗಳಿಗೆ ನಿಂತಿತು. “ನನಗೆ ಗೊತ್ತಿತ್ತು, ನೀನು ಎರಡು ಸಲ ಕೇಳಿದ್ರೆ ನಾನು ಹೇಳ್ಬಿಡ್ತೀನಿ ಅಂತ. ನೀನು ಒಂದೇ ಸಲ ಕೇಳ್ದೆ. ಸದ್ಯ, ಬಚಾವಾದೆ ಅಂದ್ಕೊಂಡೆ.”

ಹೊರಗೆ ಬೀದಿಯಲ್ಲಿ ಮಕ್ಕಳು ಚೆಂಡು ಒದೆಯುತ್ತಿದ್ದರು. ಮಡಚಿದ ಬಟ್ಟೆಗಳ ರಾಶಿ ಏರುತ್ತಿತ್ತು. ಇವಳ ಕೈ ತಾನಾಗಿ ಒಂದು ಟವೆಲಿನ ಕಡೆ ಹೋಯಿತು.

“ಬಿಡು” ಎಂದಳು ಗೆಳತಿ. “ನಾನೇ ಮಾಡ್ಕೋತೀನಿ. ಮಾಡೋಕೆ ಇರೋದೇ ಇಷ್ಟು.”

ಹೊರಡುವಾಗ ಇವಳು ಬಾಗಿಲಲ್ಲಿ ನಿಂತು, “ಮುಂದಿನ ಭಾನುವಾರ ಬರ್ಲಾ?” ಎಂದು ಕೇಳಿದಳು.

“ಬರಬೇಡ ಅಂತ ಹೇಳಲ್ಲ. ಬಾ ಅಂತ ಕರೆಯೋಕೂ ಆಗಲ್ಲ ಕಣೇ, ಈಗ.”

ಮುಂದಿನ ಭಾನುವಾರ ಹೋದಳು. ಅದರ ಮುಂದಿನದಕ್ಕೂ. ಕೆಲವು ಸಲ ಹಸಿರು ಬಾಗಿಲು ತೆರೆಯಿತು. ಕೆಲವು ಸಲ ಒಳಗೆ ರೇಡಿಯೊ ಹಾಡುತ್ತಿದ್ದರೂ ತೆರೆಯಲಿಲ್ಲ. ಅಂಥ ದಿನ ಅವಳು ಎರಡನೆಯ ಮೆಟ್ಟಿಲ ಮೇಲೆ, ಹಾಡು ಮುಗಿದು ಇನ್ನೊಂದು ಶುರುವಾಗುವವರೆಗೆ ಕೂತಿದ್ದು, ಆಮೇಲೆ ಎದ್ದು ಬಸ್ಸಿನ ಕಡೆ ನಡೆಯುತ್ತಿದ್ದಳು.